ಹಗೇವಿನ ಗಾಳಿ

ಸುಕನ್ಯಾ ಆ ಮಾತು ಆಡಬಾರದಾಗಿತ್ತು, ಆಡಿಬಿಟ್ಟಳು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರಲ್ಲ, ಹಂಗಾತು. ಧಾರವಾಡದ ಕಾಲೇಜಿನ್ಯಾಗ ಬಿ.ಎಸ್‌ಸಿ. ಕಡೀ ವರ್ಷ ಓದೂ ಹುಡುಗಿ. ಕೆಮಿಸ್ಟ್ರಿ ರಾಜಶೇಖರ ಸರ್ ಅನಿಲಗಳ ಪಾಠಾ ಮಾಡೂ ಮುಂದ ಎದ್ದು ನಿಂತು, "ಸರ್ರ, ನಮ್ಮ ಶಿರಗುಪ್ಪಿ ಮನ್ಯಾಗ ಜ್ವಾಳದ ಹಗೇವು ಐತ್ರಿ. ಅದರಾಗ ದೀಪಾ ಇಳಿಸಿದ್ರ ಆರತೈತ್ರಿ. ಒಂದು ಹುಳಾ ಸುದ್ದಾ ಬದುಕಂಗಿಲ್ರಿ," ಅಂದಳು.

ಹಿಂದಿನ ಬೆಂಚಿನವರು ಕಿಸಕ್ಕಂತ ನಕ್ಕರು. ಸರ್ ನಗಲಿಲ್ಲ. ಅಮೇರಿಕಾದ ಒಂದು ಕಾಲೇಜಿನ್ಯಾಗ ಕಲಸೂ ಹೆಲನ್ ಮೇಡಂ ಅವರಿಗೆ ಗುರ್ತಿದ್ರು. ಆ ಮೇಡಂ ವರ್ಷಾ ಜನೇವರಿಯೊಳಗ ತಮ್ಮ ಹುಡುಗರನ್ನ ಕರಕೊಂಡು ಏಷ್ಯಾದ ಒಂದೊಂದು ದೇಶಕ್ಕ ಹೋಗಿ, ಅಲ್ಲಿಯ ಮಾಸ್ತರು, ಅಲ್ಲಿಯ ಹುಡುಗರ ಜೋಡಿ ಕೂಡಿ ಸಂಶೋಧನಾ ಮಾಡಸತಿದ್ರು. ಸರ್ ಅವರಿಗೆ ಹಗೇವಿನ ಸುದ್ದಿ ಬರದ್ರು. ೨೦೦೪ರ ಜನೇವರಿಗೆ ಬರತೀವಿ ಅಂತ ಉತ್ತರಾ ಬಂತು. ಸುಕನ್ಯಾನ ಒಂದು ಮಾತಿನ ಮ್ಯಾಲ ಮಂದಿ ಸಮುದ್ರ ದಾಟಿ ಬರಾಕತ್ತಿದ್ರು. ಮಾತು ಸುಳ್ಳಾದ್ರ ಮಾರಿ ಎಲ್ಲಿ ಇಟಗೊಳ್ಳೂದು?

ಹಗೇವು ಅಂದ್ರ ನೆಲದಾಗ ತೋಡಿದ ಕಣಜ. ಮೂರಾಳು ಆಳ, ಒಬ್ಬ ಮನಷ್ಯಾ ಇಳಿಯೂವಷ್ಟು ಬಾಯಿ. ಒಳಗ ಸುತ್ತಲೂ ಹೊಟ್ಟು ಹಾಕಿ, ಜ್ವಾಳಾ ಸುರುವಿ, ಮ್ಯಾಲ ಹಾಸಗಲ್ಲು ಎಳದು, ಕೆಸರಲೆ ಮೆತ್ತತಾರ. ಮೊದಲ ಊರ ತುಂಬ ಇದ್ದವಂತ. ಚೀಲಾ, ಪೀಪಾಯಿ ಬಂದಿಂದ ಒಂದೊಂದ ಮುಚ್ಚಿಹೋಗಿ, ಸುಕನ್ಯಾನ ಅಜ್ಜ ಗುಡ್ಡಪ್ಪನ ಅಂಗಳದಾಗ ಇದ್ದದ್ದು ಒಂದ ಉಳದಿತ್ತು. ಅದನ್ನೂ ಈಗ ಅರ್ಧಾ ಅಷ್ಟ ತುಂಬತಿದ್ರು.

ಮೇಡಂ ಜೋಡಿ ಬಂದಾಂವ ನೇಥನ್, ಆರಡಿ ಮ್ಯಾಲ ಮತ್ತ ನಾಕ ಬೆರಳು ಉದ್ದ. ಸುಕನ್ಯಾನ ವಾರಿಗಿಯವ. ಅಂವಾ ಮೇಡಂಗ "ಹೆಲನ್" ಅಂತ ಹೆಸರು ಹಿಡದು ಕರೀತಿದ್ದ. ಸುಕನ್ಯಾನ ಆಯಿ, ಗುಡ್ಡಪ್ಪನ ಹೆಂಡತಿ ಫಕೀರವ್ವ ಅದನ್ನ ಕೇಳಿ, "ಎವ್ವಾ! ಕಲಿಸಿದಾಕಿನ್ನ ಹಿಂಗ ಕೂಗ್ತಾನಲ್ಲ, ಇವ್ನಿಗೆ ಯಾರೂ ಏನೂ ಅನ್ನಂಗಿಲ್ಲೇನ?" ಅಂದಳು. ಸುಕನ್ಯಾಗರ ಅವತ್ತಿನ ಆ ಒಂದು ಮಾತು ಬಿಟ್ರ ಸರ್ ಎದುರು "ಹೂಂ" ಬಿಟ್ಟು ಬ್ಯಾರೆ ಮಾತ ಬರತಿರಲಿಲ್ಲ.

ಹಂಚಿಕಿ ಸರಳ ಇತ್ತು. ಮಂಗಳವಾರ ಮುಂಜಾನೆ ಕಲ್ಲು ಸರಿಸೂದು. ಕೂಡ್ಲೆ ನೇಥನ್ ಮೀಟರ್ ಹಿಡಕೊಂಡು ನಿಚ್ಚಣಿಕಿ ಇಳದು, ಜ್ವಾಳದ ಮ್ಯಾಲ ನಿಂತು, ಗಾಳಿಯೊಳಗ ಇಂಗಾಲದ ಡೈಆಕ್ಸೈಡ್ ಎಷ್ಟೈತಿ ನೋಡೂದು. ಮೀಟರಿನ ನಳಿಗಿ ಒಂದು ಮೊಳ ಅಷ್ಟ ಇತ್ತು, ಅದಕ್ಕ ಮನಷ್ಯಾನ ಇಳೀಬೇಕು. ಗುಡ್ಡಪ್ಪಗ ಸುಕನ್ಯಾ ಹಿಂದಿನ ಐತವಾರನ ಹೇಳಿ ಬಂದಿದ್ದಳು: "ಅಜ್ಜಾ, ಮಂಗಳವಾರ ಹಗೇವು ತಗಸ್ತೀವಿ. ಒಬ್ಬಾಂವ ಇಳೀತಾನ." ಅಜ್ಜ "ಆತು ಬಿಡವಾ" ಅಂದಿದ್ದ.

ಮಂಗಳವಾರ ಟ್ರ್ಯಾಕ್ಸ್ ಗಾಡಿ ಅಂಗಳಕ್ಕ ಬಂತು. ಕಲ್ಲು ಸರಿಸಿದ್ರು. ನೇಥನ್ ಇಳದ. ಸುಕನ್ಯಾ ಬಾಯಿ ಹತ್ರ ಕುಂತು ಪೆನ್ನು ಹಿಡಕೊಂಡಳು. ಅಂವಾ ಒಳಗಿಂದ ಅಂಕಿ ಒದರಿದ. ಹೊರಗಿನ ಗಾಳಿದು ಎಷ್ಟಿತ್ತೋ ಹೆಚ್ಚೂ ಕಡಿಮಿ ಅಷ್ಟ! ಮೂಲ್ಯಾಗ ನೋಡು ಅಂದ್ರು ಸರ್. ಅಲ್ಲೂ ಅಷ್ಟ. ಮೂರು ಸಲ ನೋಡಿದ್ರು. ನೇಥನ್ ಮೈತುಂಬ ಧೂಳಾ ಮೆತ್ತಿಕೊಂಡು ನಕ್ಕೋತ ಮ್ಯಾಲ ಬಂದ.

ಚಹಾ ಕುಡಿಯೂ ಮುಂದ ಹೆಲನ್ ಮೇಡಂ ಸಮಾಧಾನಲೆ ಇಂಗ್ಲೀಷಿನ್ಯಾಗ ಅಂದ್ರು: "ಹಳ್ಳಿ ಮಂದಿ ನಂಬಿಕಿಗೆ ಆಧಾರ ಸಿಗಲಿಲ್ಲ ಅಂತ ಬರಿಯೂಣು. ಅದೂ ಒಂದು ಫಲಿತಾಂಶನ." ರಾಜಶೇಖರ ಸರ್ ಮಾರಿ ಇಷ್ಟ ಆಗಿತ್ತು. ಸುಕನ್ಯಾಗ ನೆಲಾ ಬಾಯಿ ತಗದ್ರ ಒಳಗ ಹೋಗಿಬಿಡೂಣು ಅನಿಸ್ತು. ತಲಿ ಕೆಳಗ ಹಾಕಿದಾಗ ಸರಿಸಿಟ್ಟ ಕಲ್ಲು ಕಣ್ಣಿಗೆ ಬಿತ್ತು. ಅಂಚಿನ ಕೆಸರು ಇನ್ನೂ ಹಸಿ ಇತ್ತು.

ದನದ ಕೊಟ್ಟಗ್ಯಾಗ ಮೇವು ಹಾಕಾಕತ್ತಿದ್ದ ಅಜ್ಜನ ಕಡೆ ಓಡಿದಳು. "ಅಜ್ಜಾ, ಹಗೇವು ಮೊದಲ ತಗದಿದ್ದೇನು?"

"ತಗೀದ ಬಿಡತೀನೇನು? ನಿನ್ನಿ ಮುಂಜಾನೆ ತಗದು, ಬೇವಿನ ತಪ್ಪಲಾ ಹಗ್ಗಕ್ಕ ಕಟ್ಟಿ ಬಡದು ಬಡದು, ಕೆಟ್ಟ ಗಾಳಿ ಎಲ್ಲಾ ಹೊರಗ ಹಾಕೀನಿ. ಸಂಜಿಕ ಮತ್ತ ಮೆತ್ತೀನಿ. ಬ್ಯಾರೆ ದೇಶದ ಮಂದಿ ಬರೂ ಮುಂದ ಹಂಗ ಬಿಡಾಕ ಬರತೈತೇನು?" ಅಜ್ಜನ ದನಿಯೊಳಗ ಹೆಮ್ಮಿ ಇತ್ತು.

ಸುಕನ್ಯಾ ಹಣಿ ಹಣಿ ಬಡಕೊಂಡಳು. ಮಂದಿ ಏಳು ಸಾವಿರ ಮೈಲಿನಿಂದ ಯಾವ ಗಾಳಿ ನೋಡಾಕ ಬಂದಿದ್ರೋ, ಅದ ಗಾಳಿ ಮುದುಕ ಗುಡಿಸಿ ಹೊರಗ ಚೆಲ್ಲಿದ್ದ! ಈಗ ಅತ್ತ ದರಿ, ಇತ್ತ ಹುಲಿ. ಹೇಳಿದ್ರ ಅಜ್ಜನ ಮರ್ಯಾದಿ ಹೋಗತೈತಿ. ಹೇಳಲಿಲ್ಲಂದ್ರ ಅಜ್ಜ, ಅವರಪ್ಪ, ಅವರಜ್ಜ ಎಲ್ಲಾರೂ ಸುಳ್ಳು ಹೇಳಿದ್ರು ಅಂತ ಅಚ್ಚಾಗತೈತಿ. ಐದು ನಿಮಿಷ ದನದ ಮಾರಿ ನೋಡಿಕೋತ ನಿಂತಳು. ಆಮ್ಯಾಲ ಹೋಗಿ ಹೇಳಿದಳು.

ಸರ್ ಸಿಟ್ಟು ನೆತ್ತಿಗೇರಿತು. "ಎರಡು ತಿಂಗಳ ತಯಾರಿ ಒಬ್ಬ ಮುದುಕ ಹಾಳು ಮಾಡಿದ," ಅಂತ ಇಂಗ್ಲೀಷಿನ್ಯಾಗ ಅಂದ್ರು. ಗುಡ್ಡಪ್ಪಗ ಇಂಗ್ಲೀಷ್ ಬರತಿರಲಿಲ್ಲ, ಮಾರಿ ಓದಾಕ ಬರತಿತ್ತು. "ತಪ್ಪಾತೇನ್ರಿ ಸಾಹೇಬ್ರ? ಒಂದು ಮಾತು ನನ್ನ ಕೇಳಿದ್ರ ಹೇಳ್ತಿದ್ದೆ," ಅಂದ.

ಸುಕನ್ಯಾ ಅದನ್ನ ಇಂಗ್ಲೀಷಿನ್ಯಾಗ ತಿಳಿಸಿದ ಮ್ಯಾಲ ಹೆಲನ್ ಮೇಡಂ, ಹಗೇವಿನ ಬಗ್ಗೆ ಕೇಳಾಕ ಬರಕೊಂಡು ಬಂದಿದ್ದ ಪ್ರಶ್ನಿ ಹಾಳಿ ತಿರುವಿದ್ರು. ನಲವತ್ತೆರಡು ಪ್ರಶ್ನಿ ಇದ್ದವು. ಎಷ್ಟು ಆಳ, ಎಷ್ಟು ಚೀಲ, ಎಷ್ಟು ವರ್ಷ. ಹಗೇವು ತಗಿಯೂ ಮೊದಲ ಏನು ಮಾಡತೀರಿ ಅನ್ನೂದು ಒಂದಿರಲಿಲ್ಲ. "ನಾವು ಕೇಳಲೇ ಇಲ್ಲ, ಹೆಲನ್. ತಪ್ಪು ನಮ್ಮದು," ಅಂದ ನೇಥನ್, ಎಲ್ಲಾರ ಎದುರು. ಸುಕನ್ಯಾ ಸರ್ ಕಡೆ ನೋಡಿದಳು. ಸರ್ ಚಪ್ಪಲಿ ನೋಡಾಕತ್ತಿದ್ರು.

ಫಕೀರವ್ವ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಬಡಿಸಿದಳು. ಎಲ್ಲಾರೂ ಉಂಡ್ರು. ಗುಡ್ಡಪ್ಪ ಅವತ್ತು ಪಂಕ್ತಿಗೆ ಕೂಡಲಿಲ್ಲ. ಮಂದಿ ಹೋದ ಮ್ಯಾಲ ತಾನ ಕಲ್ಲು ಎಳದು, ಕೆಸರು ಕಲಸಿ, ಬಾಯಿ ಮೆತ್ತಿದ. "ಹೋಳಿ ಹುಣ್ಣಿಮಿತನಾ ಮುಟ್ಟಬ್ಯಾಡ್ರಿ, ಕೆಟ್ಟ ಗಾಳಿ ಮತ್ತ ಕೂಡತೈತಿ," ಅಂತ ಸುಕನ್ಯಾಗ ಅಂದ, ಅಷ್ಟ. ಮೇಡಂ ತಮ್ಮ ದೇಶಕ್ಕ ಹೋಗೂ ಮುಂದ ಮೀಟರ್ ಸರ್ ಕೈಯಾಗ ಬಿಟ್ಟು ಹೋದ್ರು.

ಹೋಳಿ ಮುಗಿದ ಮೂರನೇ ದಿನ ಸರ್ ಮತ್ತ ಸುಕನ್ಯಾ ಶಿರಗುಪ್ಪಿಗೆ ಬಸ್ಸಿನ್ಯಾಗ ಬಂದ್ರು. ಕಲ್ಲು ಸರಿಸಿದ್ರು. ಇಳಿಯಾಕ ಈ ಸಲ ನೇಥನ್ ಇರಲಿಲ್ಲ. "ನಾನ ಇಳೀತೀನಿ," ಅಂದ್ರು ಸರ್. ಗುಡ್ಡಪ್ಪ ಕೈ ಅಡ್ಡ ಹಿಡದು, "ತಡೀರಿ ಸಾಹೇಬ್ರ," ಅಂದ. ಸುಕನ್ಯಾ ಮೀಟರಿಗೆ ಹಗ್ಗಾ ಕಟ್ಟಿದಳು. ಬಾವಿಗೆ ಕೊಡ ಬಿಟ್ಟಂಗ ಬಿಟ್ರಾತು, ಇಷ್ಟ ದಿನಾ ಯಾರಿಗೂ ಹೊಳದಿರಲಿಲ್ಲ. ಗುಡ್ಡಪ್ಪ ಅದರ ಬಾಜೂಕ ಕಂದೀಲು ಇಳಿಸಿದ.

ಒಂದು ಮಾರು ಇಳಿಯೂದ್ರಾಗ ಕಂದೀಲು ಸಣ್ಣಾತು. ಇನ್ನೊಂದು ಮೊಳ ಬಿಟ್ಟ, ಆರಿತು.

ಸುಕನ್ಯಾಗ ಹಾರಿ ಕುಣೀಬೇಕು ಅನಿಸ್ತು. ಅವಳ ಮಾತು ಖರೇ ಆಗಿತ್ತು. ಮೀಟರ್ ಮ್ಯಾಲ ಎಳದು, ಅದು ಒಳಗ ಹಿಡದಿಟ್ಟಿದ್ದ ಅಂಕಿ ನೋಡಿದಳು. ನೂರಕ್ಕ ಹನ್ನೆರಡು. ಬರಕೊಳ್ಳಾಕ ಪೆನ್ನು ತಗದಾಕಿ, ಬರೀಲಿಲ್ಲ. ನೂರಕ್ಕ ಹತ್ತು ದಾಟಿದ್ರ ಮನಷ್ಯಾ ಸ್ವಲ್ಪ ಹೊತ್ತಿನ್ಯಾಗ ಎಚ್ಚರ ತಪ್ಪಿ ಬೀಳತಾನ ಅಂತ ಪುಸ್ತಕದಾಗ ಓದಿದ್ದಳು, ಪರೀಕ್ಷಾಕ್ಕ ಬರದಿದ್ದಳು. ದೀಪಾ ಆರತೈತಿ ಅನ್ನೂದು ಸಣ್ಣಾಕಿದ್ದಾಗಿಂದ ಗೊತ್ತಿತ್ತು. ದೀಪಾ ಯಾಕ ಇಳಿಸ್ತಾರ ಅನ್ನೂದು ಇವತ್ತು ತಿಳೀತು. ಮೀಟರ್ ಸರ್ ಕಡೆ ಚಾಚಿದಳು.

ಸರ್ ಅಂಕಿ ನೋಡಿದ್ರು. ನಿಚ್ಚಣಿಕಿ ನೋಡಿದ್ರು. ಹಾಸಗಲ್ಲಿನ ಮ್ಯಾಲ ಕುಂತುಬಿಟ್ರು. "ಗುಡ್ಡಪ್ಪನವರ, ಅವತ್ತು ನೀವು ಆ ಗಾಳಿ ಹೊರಗ ಹಾಕಿರಲಿಲ್ಲಂದ್ರ," ಅಂದ್ರು.

ಗುಡ್ಡಪ್ಪ ಅಂಕಿ ನೋಡಲಿಲ್ಲ. ಆರಿದ ಕಂದೀಲು ಒರಸಿಕೋತ, "ಆ ಉದ್ದನ್ನ ಹುಡುಗಾ ಈಗ ಎಲ್ಲಿದಾನವಾ?" ಅಂತ ಕೇಳಿದ.

"ಅವರ ಊರಾಗ ಅಜ್ಜಾ. ಅವರವ್ವನ ಮನ್ಯಾಗ."

"ಹಾಂ. ಈಗ ಬರಕೋರಿ," ಅಂದ ಗುಡ್ಡಪ್ಪ.