ಹಾಲಸ್ವಾಮಿಯ ಕಾರಿಗೆ ಹತ್ತಿದ ಮಸಿ

ಸಂಡೂರಿನ ಹತ್ತಿರದ ಹೊಲವನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟ ಹಾಲಸ್ವಾಮಿ 2007ರಲ್ಲಿ ಒಂದು ಜರ್ಮನಿ ಕಾರು ಕೊಂಡ. ಚಿತ್ತವಾಡ್ಗಿಯ ಅವನ ಓಣಿಯಲ್ಲಿ ಅದು ನಿಂತರೆ ಎಮ್ಮೆಗಳೂ ಸುತ್ತು ಬಳಸಿ ಮನೆ ಸೇರಬೇಕಿತ್ತು. ಇದರಿಂದ ಅವನಿಗೆ ಬೇಸರವೇನೂ ಆಗಲಿಲ್ಲ.

ಓಡಿಸಲು ಮಾತ್ರ ಹೆದರಿಕೆ. ಅದಿರು ಲಾರಿಯಿಂದ ಕಲ್ಲು ಸಿಡಿದು ಗಾಜು ಒಡೆದರೆ? ಹಾಗಾಗಿ ದಿನಾ ಸಂಜೆ ಮನೆ ಮುಂದೆಯೇ ಎಂಜಿನ್ ಚಾಲೂ ಮಾಡಿ, ಎ.ಸಿ. ಹಾಕಿಕೊಂಡು, ಇಸ್ತ್ರಿ ಅಂಗಿಯಲ್ಲಿ ಎರಡು ತಾಸು ಒಳಗೆ ಕೂರುತ್ತಿದ್ದ. ಬಂದವರನ್ನೂ ಅಲ್ಲೇ ಕೂಡಿಸಿಕೊಂಡು ಮಾತಾಡುತ್ತಿದ್ದ. ಚಹಾ ತಂದ ಹೆಂಡತಿ ಗಂಗಾಂಬಿಕಾ ಗಾಜು ತಟ್ಟಿ, ಅದು ಇಳಿಯುವವರೆಗೆ ಬಿಸಿಲಲ್ಲಿ ಕಾಯಬೇಕಿತ್ತು.

ಎರಡು ವರ್ಷಕ್ಕೆ ಕಾರು ನಿಂತಲ್ಲೇ ನಡುಗತೊಡಗಿತು. ಹಾಲಸ್ವಾಮಿಯ ತಮ್ಮ ಮನೋಹರ್ ಪರಿಹಾರ ತಂದ. ಎಂಜಿನ್ ತೊಳೆಯುವ ಔಷಧದ ಬಾಟಲಿಗಳನ್ನು ಮಾರುವುದು ಅವನ ಹೊಸ ದಂಧೆ. "ಟ್ಯಾಂಕಿಗೆ ಸುರಿ ಅಣ್ಣ, ಎಂಜಿನ್ ಕನ್ನಡಿ ಆಗ್ತತಿ," ಎಂದ. ಹಾಲಸ್ವಾಮಿ ತಿಂಗಳಿಗೆರಡು ಬಾಟಲಿ ಸುರಿದ. ನಡುಕ ಹೆಚ್ಚಾಯಿತು.

ಒಂದು ದಿನ ಸಂಡೂರಿನಲ್ಲಿ ಗೃಹಪ್ರವೇಶ. ಮಂದಿಗೆ ತೋರಿಸಲೇಬೇಕೆಂದು ಧೈರ್ಯ ಮಾಡಿ, ಒಬ್ಬ ಡ್ರೈವರನನ್ನು ಇಟ್ಟುಕೊಂಡು ಗಂಡ ಹೆಂಡತಿ ಕಾರಿನಲ್ಲೇ ಹೊರಟರು. ಘಾಟಿಯ ಅರ್ಧಕ್ಕೆ ಎಂಜಿನ್ ಕೆಮ್ಮಿತು, ಜಗ್ಗಿತು, ನಿಂತೇಬಿಟ್ಟಿತು. ಹಿಂದೆ ಲಾರಿಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಕೊನೆಗೆ ಒಬ್ಬ ಲಾರಿಯವನು ಹಗ್ಗ ಕಟ್ಟಿ ಎಳೆದ. ಕೆಂಪು ಧೂಳು ಕುಡಿಯುತ್ತ ಕಾರು ಮದುವಣಗಿತ್ತಿಯ ಹಾಗೆ ತಲೆತಗ್ಗಿಸಿ ಅವನ ಹಿಂದೆ ಹೋಯಿತು. ಗೃಹಪ್ರವೇಶದ ಮಂದಿ ಹೊಸ ಮನೆ ಬಿಟ್ಟು ಅದನ್ನೇ ನೋಡಿದರು.

ಮರಿಯಮ್ಮನಹಳ್ಳಿಯ ಗಾಳೆಪ್ಪ ಲಾರಿ ಮೆಕ್ಯಾನಿಕ್ಕು. ಒಂದಿಷ್ಟು ದಿನ ಬೆಂಗಳೂರಿನಲ್ಲಿ ಇಂಥ ಕಾರುಗಳನ್ನೂ ಬಿಚ್ಚಿದ್ದ. ಕರೆಸಿದಾಗ ಬಂದು, ಎಂಜಿನ್ನಿಗೆ ಗಾಳಿ ಒಳಹೋಗುವ ದಾರಿ ಬಿಚ್ಚಿ ತೋರಿಸಿದ. ವಾಲ್ವುಗಳ ಮೇಲೆ ಸೀದ ಹಾಲಿನ ತಳದಂತೆ ಕಪ್ಪು ಹೆಕ್ಕಳೆ.

"ಹಳೇ ಕಾರಿನ್ಯಾಗ ಪೆಟ್ರೋಲು ಈ ವಾಲ್ವ್ ತೊಳಕೊಂತ ಒಳಗ ಹೋಗ್ತಿತ್ತು ಸಾವ್ಕಾರ್ರ. ಇದರಾಗ ನೆಟ್ಟಗ ಸಿಲಿಂಡರಿಗೇ ಪಿಚಕಾರಿ, ಡೈರೆಕ್ಟ್ ಇಂಜೆಕ್ಷನ್ ಅಂತಾರ. ವಾಲ್ವಿಗೆ ಹನೀನೂ ತಾಗಂಗಿಲ್ಲ. ಆಯಿಲ್ ಹೊಗಿ ಬಂದು ಕುಂತು ಮಸಿ ಆಗೇತಿ."

"ಮತ್ತ ಬಾಟಲಿ ಹಾಕೀನಲ್ಲ?"

"ಟ್ಯಾಂಕಿಗೆ ಹಾಕಿದ್ದು ಸಿಲಿಂಡರಿಗೆ ಹೋತು. ವಾಲ್ವಿನ ಮುಖಾನೂ ನೋಡಿಲ್ಲ."

"ಅದು ಫಾರಿನ್ ಮಾಲು," ಎಂದ ಮನೋಹರ್.

"ಫಾರಿನ್ನಿಂದ ಬಂದ್ರೂ ಓಣಿ ತಪ್ಪಿದ್ರ ಏನ್ ಮಾಡೂದ್ರಿ?"

ಮನೋಹರ್‌ಗೆ ಅರ್ಜೆಂಟ್ ಕೆಲಸ ನೆನಪಾಯಿತು.

ಗಾಳೆಪ್ಪ ದ್ರಾವಣ ಹಾಕಿ ನೆನೆಸಿ, ಎರಡು ದಿನ ಕೂತು ಬ್ರಶ್ಶಿನಲ್ಲಿ ಮಸಿ ಕೆರೆದು ತೆಗೆದ. ಆಮೇಲೆ ಪಥ್ಯ ಹೇಳಿದ: ನಿಂತಲ್ಲೇ ಎಂಜಿನ್ ಉರಿಸಬಾರದು, ಕಂಪನಿ ಹೇಳಿದ ಆಯಿಲನ್ನೇ ಹಾಕಿ, ವಾಯಿದೆಗೆ ಮೊದಲೇ ಬದಲಿಸಬೇಕು, ಆಗಾಗ ದೂರ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಬೇಕು.

"ಯಾರು ಓಡಸ್ತಾರ? ಆ ಡ್ರೈವರ್ ಲಾರಿ ಕೆಲಸಕ್ಕ ಹೋಗ್ಯಾನ," ಎಂದ ಹಾಲಸ್ವಾಮಿ.

"ನಾ ಓಡಸ್ತೀನಿ," ಎಂದಳು ಗಂಗಾಂಬಿಕಾ. ಕಂಪ್ಲಿ ಹತ್ತಿರದ ಮೆಟ್ರಿಯ ತವರಲ್ಲಿ ಅಪ್ಪನ ಟ್ರ್ಯಾಕ್ಟರ್ ಹೊಡೆದು ಬೆಳೆದವಳು. ಅಣ್ಣನ ಜೀಪಿನಲ್ಲಿ ಲೈಸೆನ್ಸೂ ಮಾಡಿಸಿಕೊಂಡಿದ್ದಳು. ಗಂಡ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

"ಮಂದಿ ಏನಂತಾರ?"

"ಮಂದಿಗಂತ ನಿಲ್ಲಿಸಿದ್ದಕ್ಕs ಹಿಂಗಾಗೇತಿ. ಕೀಲಿ ಕೊಡ್ರಿ."

ಮೊದಲ ದಿನ ಹಾಲಸ್ವಾಮಿ ಪಕ್ಕದಲ್ಲೇ ಕೂತ. ಕಮಲಾಪುರ ದಾಟಿ ಕಂಪ್ಲಿ ರಸ್ತೆ ಹಿಡಿದಾಗ ವೇಗದ ಮುಳ್ಳು ಮೇಲೇರಿತು, ಎಂಜಿನ್ ಗುಡುಗಿತು.

"ಸಾವಕಾಶ ಲೇ!"

"ಗಾಳೆಪ್ಪ ಹೇಳ್ಯಾನ್ರೀ."

ಅವನು ಹಂಪಿಯ ವಿರೂಪಾಕ್ಷನನ್ನು ನೆನೆದು ಕಣ್ಣು ಮುಚ್ಚಿದ. ಮೆಟ್ರಿ ಬಂದಮೇಲೆಯೇ ತೆರೆದ. ಎರಡನೆಯ ದಿನ ಮನೆಯಲ್ಲೇ ಉಳಿದ.

ಗಂಗಾಂಬಿಕಾ ವಾರಕ್ಕೆ ನಾಲ್ಕು ದಿನ ಹೋಗತೊಡಗಿದಳು. ತವರಿನ ಗದ್ದೆ ನೋಡಿದಳು, ಅವ್ವನ ಕೈಯ ರೊಟ್ಟಿ ತಿಂದಳು, ಗೆಳತಿ ಭೀಮವ್ವನನ್ನು ಕೂಡಿಸಿಕೊಂಡು ಕಂಪ್ಲಿ ಸಂತೆ ಸುತ್ತಿದಳು. ಹಾಲಸ್ವಾಮಿ ಕಟ್ಟೆಯ ಮೇಲೆ ಕೂತು, "ಡೈರೆಕ್ಟ್ ಇಂಜೆಕ್ಷನ್ನು ಅಂದ್ರ ಹಂಗs, ಓಡಸ್ತಿರಬೇಕು," ಎಂದು ಓಣಿಗೆಲ್ಲ ಪಾಠ ಹೇಳಿದ.

ಆರು ತಿಂಗಳ ಮೇಲೆ ಗಾಳೆಪ್ಪ ಮತ್ತೆ ಬಿಚ್ಚಿ ನೋಡಿದ. ವಾಲ್ವಿನ ಮೇಲೆ ತೆಳ್ಳನೆಯ ಪೊರೆಯಷ್ಟೇ.

"ಮಸ್ತ್ ಐತ್ರಿ ಅಕ್ಕಾರ. ಖರೇ ಹೇಳ್ಬೇಕಂದ್ರ ವಾರಕ್ಕ ಒಂದ್ ಸಲ ಸಾಕಿತ್ತು."

ಗಂಗಾಂಬಿಕಾ ಕೀಲಿ ತಗೊಂಡಳು.

"ಅದನ್ನ ಅವರ ಮುಂದ ಹೇಳಬ್ಯಾಡಪ್ಪ."