ಏಳದ ತಗ್ಗು

ಮಗಳು ಅಟ್ಟದಿಂದ ಕೋವಿ ಇಳಿಸಿದ್ದು ಅಮ್ಮನ ಮಾತಿಗೆ ಕಟ್ಟುಬಿದ್ದು. ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯುವ ಹಳೇ ಕಾಲದ ಕೋವಿ. ಏಳು ವರ್ಷದಿಂದ ಅಪ್ಪ ಅದನ್ನು ಮುಟ್ಟಿರಲಿಲ್ಲ. ಕಾಡಿನ ಬಂಡೆಯ ಮೇಲೆ ಅವನ ಕೈಜಾರಿ ಬಿದ್ದು, ತಾನೇ ಸಿಡಿದು, ಮುಂದೆ ನಡೆಯುತ್ತಿದ್ದ ಅವಳ ಅಣ್ಣನನ್ನು ಅದು ಬಲಿ ತೆಗೆದುಕೊಂಡಿತ್ತು. ಬಿದ್ದದ್ದಕ್ಕೆ ಸಾಕ್ಷಿಯೆಂದರೆ ಹೆಗಲಿಗೊತ್ತುವ ಮರದ ಹಿಡಿಯಲ್ಲಿ ಹೆಬ್ಬೆರಳಗಲದ ಒಂದು ತಗ್ಗು. ಪೊಲೀಸರು ಅದನ್ನೇ ನೋಡಿ ತಲೆಯಾಡಿಸಿ ಹೋಗಿದ್ದರು. ಅಮ್ಮ ಅಪ್ಪನ ಜೊತೆ ಬಾಳುವೆ ಮುಂದುವರಿಸಿದ್ದೂ ಆ ತಗ್ಗನ್ನು ನಂಬಿಯೇ.

ಈಗ ಕೋವಿಯನ್ನು ಸೋದರಮಾವ ಒಯ್ಯುವವನಿದ್ದ.

"ಕೊಡೋ ಮುಂಚೆ ಆ ತಗ್ಗು ತೆಗೆದುಬಿಡು. ಬೇರೆಯವರ ಮನೇಲಿ ಯಾರೂ ಅದರೊಳಗೆ ಬೆರಳಿಟ್ಟು ನೋಡಬಾರದು," ಎಂದಿದ್ದಳು ಅಮ್ಮ.

ಬಡಗಿ ಅಪ್ಪ ಕುರ್ಚಿಯ ಕಾಲೊಂದನ್ನು ಕೆತ್ತುತ್ತಿದ್ದ. ತಲೆಯೆತ್ತದೆ, ಮರದ ಪುಡಿಗೆ ಅಂಟು ಕಲಸಿ ತುಂಬಿಬಿಟ್ಟರೆ ಸಾಕು ಅಂದ. ಅವನು ಅಷ್ಟು ಮಾತಾಡಿದ್ದೇ ಹೆಚ್ಚು. ಮರ ಅಂದ್ರೆ ನಿಮ್ಮಪ್ಪನ ಕೈಗೆ ಬೆಣ್ಣೆ, ಬಾಯಿ ಮಾತ್ರ ಮೊಳೆ ಹೊಡೆದ ಪೆಟ್ಟಿಗೆ ಎಂದು ಅಮ್ಮ ಆಗಾಗ ಚುಚ್ಚುತ್ತಿದ್ದಳು.

ತುಂಬುವುದು ಅಡ್ಡದಾರಿಯೆಂದು ಮಗಳಿಗೆ ಕಲಿಸಿದವನೂ ಅವನೇ. ಪೆಟ್ಟು ಬಿದ್ದು ಕುಸಿದ ಮರ ಎಲ್ಲಿಗೂ ಹೋಗಿರುವುದಿಲ್ಲ, ಅದರ ಎಳೆಗಳು ಒಳಗೇ ಅವುಚಿಕೊಂಡಿರುತ್ತವೆ. ಒದ್ದೆ ಬಟ್ಟೆ ಹಾಸಿ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿ ಕುಡಿದು ಎದ್ದು ನಿಲ್ಲುತ್ತವೆ. ಅವಳು ಹಳೇ ವಾರ್ನಿಶ್ ಕೆರೆದು, ಬಟ್ಟೆ ಹಾಸಿ ಒತ್ತಿದಳು. ಸಣ್ಣಪುಟ್ಟ ತಗ್ಗುಗಳೆಲ್ಲ ಎದ್ದವು. ದೊಡ್ಡದು ಏಳಲಿಲ್ಲ. ಎರಡನೇ ಸಲವೂ ಇಲ್ಲ.

ವಾರ್ನಿಶ್ ಉಳಿದಿರಬೇಕೆಂದು ತಗ್ಗಿನ ತಳವನ್ನು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದಳು. ಎಳೆಗಳು ಕುಸಿದಿರಲಿಲ್ಲ, ಕತ್ತರಿಸಿಹೋಗಿದ್ದವು. ತಳದುದ್ದಕ್ಕೂ ಕೂದಲೆಳೆಯಷ್ಟು ಉಬ್ಬಿದ ಒಂದು ಗೆರೆ. ಮನೆಯ ಮಂಚ, ಕಪಾಟು, ಅಣ್ಣನ ಮೇಜು, ಎಲ್ಲದರ ಕೆತ್ತನೆಯಲ್ಲೂ ಇದ್ದ ಗೆರೆ. ಧೂಳು ಒರೆಸುವಾಗ ದಿನಾ ಬೆರಳಿಗೆ ಸಿಗುತ್ತಿತ್ತು. ಅಪ್ಪನ ದುಂಡುಬಾಯಿಯ ಉಳಿ ಒಂದು ಕಡೆ ಮುಕ್ಕಾಗಿತ್ತು, ಅದು ಕೆತ್ತಿದಲ್ಲೆಲ್ಲ ಆ ಗೆರೆ ಉಳಿಯುತ್ತಿತ್ತು.

ಕೋವಿ ಬಿದ್ದಿರಲೇ ಇಲ್ಲ.

ಕೆತ್ತುವ ಸದ್ದು ನಿಂತಿತ್ತು. ಅವಳು ತಿರುಗಿದಳು. ಅಪ್ಪ ಅದೇ ಉಳಿಯನ್ನು ಹಿಡಿದು ಅವಳನ್ನೇ ನೋಡುತ್ತಿದ್ದ.

"ನಿಮ್ಮಣ್ಣ ಕಾಣಿಸಲಿಲ್ಲಮ್ಮಾ ನಂಗೆ," ಅಂದ. "ಪೊದೆ ಅಲ್ಲಾಡ್ತು, ಹಂದಿ ಅಂದ್ಕೊಂಡೆ. ಕುದುರೆ ಎಳೆದು ಗುಂಡು ಹೊಡೆದದ್ದು ನಾನೇ."

ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದಳು.

"ಎದ್ದಿತಾ?"

ಅಪ್ಪ ತಲೆ ತಗ್ಗಿಸಿದ. ಮಗಳು ಒದ್ದೆ ಬಟ್ಟೆಯನ್ನು ತಗ್ಗಿನ ಮೇಲೆಳೆದು ಇಸ್ತ್ರಿಪೆಟ್ಟಿಗೆ ಇಟ್ಟಳು. ಚುರ್ರೆಂದು ಆವಿ ಎದ್ದು ಮೂವರ ನಡುವೆ ಹರಡಿತು.

"ಏಳ್ತಾ ಇದೆ ಅಮ್ಮ. ಇನ್ನೊಂದೆರಡು ಸಲ ಇಟ್ಟರೆ ಆಯ್ತು."

ಅಮ್ಮ ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಮಗಳು ಅಪ್ಪನ ಕಡೆ ನೋಡದೆ ಕೈ ಚಾಚಿದಳು. ಅವನು ಅಂಟಿನ ಡಬ್ಬಿಯನ್ನು ಆ ಕೈಯಲ್ಲಿಟ್ಟ.