ಹನ್ನೊಂದು ದಿನದ ಅಜ್ಜ

ಆ ವರ್ಷ ನಮ್ಮೂರಿನವರಿಗೆಲ್ಲ ಸತ್ತ ಅಜ್ಜಿಯರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಬದುಕಿದ್ದಾಗ ಅಜ್ಜಿಗೆ ಒಂದು ಬಟ್ಟಲು ಸೂಪು ಕೊಡಲು ಗೊಣಗಿದವರೂ ಈಗ ಅವಳು ಹುಟ್ಟಿದ ದಿನ, ಅವಳಪ್ಪನ ಹೆಸರು ಕೇಳಿಕೊಂಡು ಚರ್ಚಿನ ಹಿಂಬಾಗಿಲಿಗೆ ಬರುತ್ತಿದ್ದರು. ಸರ್ಕಾರಿ ಕೆಲಸದಲ್ಲಿ ಉಳಿಯಬೇಕಾದರೆ ಅಜ್ಜ ಅಜ್ಜಿ ನಾಲ್ವರೂ ಯಹೂದಿ ರಕ್ತವಿಲ್ಲದ ಆರ್ಯರೆಂದು ಕಾಗದ ತೋರಿಸಬೇಕು ಎಂಬ ಕಾನೂನು ಬಂದು ವರ್ಷವಾಗಿತ್ತು. ಸರ್ಕಾರಿ ಕೆಲಸ ಇಲ್ಲದವರಿಗೂ ಕುತೂಹಲ ಅಂಟಿಕೊಂಡಿತ್ತು.

ದೀಕ್ಷಾಸ್ನಾನದ ಹಳೆಯ ಪುಸ್ತಕಗಳ ಬೀಗದ ಕೈ ನನ್ನಲ್ಲಿತ್ತು. ಚರ್ಚಿನಲ್ಲಿ ಆರ್ಗನ್ ನುಡಿಸುವುದು, ಶಾಲೆಯಲ್ಲಿ ಹಾಡು ಕಲಿಸುವುದು ನನ್ನ ಕೆಲಸ. ನಮ್ಮ ಪಾದ್ರಿಗೆ ಹಳೆಯ ಕೈಬರಹ ಕಣ್ಣಿಗೆ ಹತ್ತುತ್ತಿರಲಿಲ್ಲವಾದ್ದರಿಂದ ಊರಿನ ಪೂರ್ವಜರೆಲ್ಲ ನನ್ನ ಪಾಲಿಗೆ ಬಂದರು. ಕಟುಕ ಪಂಪೆಲ್ ತನ್ನ ಅಜ್ಜನ ಸಾಲನ್ನು ತೋರಿಸೆಂದ. ಅಪ್ಪನ ಹೆಸರಿರಬೇಕಾದ ಜಾಗ ಖಾಲಿಯಾಗಿತ್ತು. ಅವನು ದನಿ ತಗ್ಗಿಸಿ ಕೇಳಿದ, "ಖಾಲಿ ಅಂದ್ರೆ ಆರ್ಯನೇ ಅಲ್ವಾ, ಮೇಷ್ಟ್ರೇ?"

ಹೆಡ್‌ವಿಗ್ ಟ್ರೋಗರ್‌ಗೆ ಮಾತ್ರ ಇಂಥ ಅಳುಕು ಇರಲಿಲ್ಲ. ಅವಳು ಶಾಲೆಯ ಉಪಾಧ್ಯಾಯಿನಿ. ಶಾಲೆಯ ಮೇಲಂತಸ್ತಿನಲ್ಲೇ ತಾಯಿಯೊಂದಿಗೆ ವಾಸ. ಜನಾಂಗ ಪಾಠಕ್ಕೆಂದು ಇಲಾಖೆ ಒಂದು ಕಬ್ಬಿಣದ ಇಕ್ಕಳದಂಥ ಅಳತೆಗೋಲನ್ನು ಕಳಿಸಿತ್ತು. ಅವಳು ಮಕ್ಕಳ ತಲೆಯ ಉದ್ದ ಅಗಲ ಅಳೆದು, ಅಗಲ ಉದ್ದದ ನೂರರಲ್ಲಿ ಎಷ್ಟು ಪಾಲೆಂದು ಲೆಕ್ಕ ಹಾಕಿ, ಸಂಖ್ಯೆಯನ್ನು ಗಟ್ಟಿಯಾಗಿ ಕೂಗುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಹಾಡು ಕಲಿಸುವ ನನಗೆ ಊರಿನ ತಲೆಗಳೆಲ್ಲ ಬಾಯಿಪಾಠವಾಗಿದ್ದವು. ಎಪ್ಪತ್ತೈದರ ಮೇಲೇರದಿದ್ದರೆ ಉತ್ತಮ ಆರ್ಯ ತಲೆ. ಕಟುಕನ ಮಗಳದು ಎಂಬತ್ತಾರು. ಅವಳು ಆ ದಿನ ಹಾಡಲೇ ಇಲ್ಲ.

ಟ್ರೋಗರ್‌ಳ ಕಾಗದ ನೋಡಲು ಜಿಲ್ಲಾ ಕಚೇರಿಯ ಶ್ನಾಬೆಲ್ ತಾನೇ ಬಂದ. ಬೇರೆಯವರು ನಕಲು ಮಾಡಿದ್ದನ್ನು ಅವನು ನಂಬುವುದಿಲ್ಲ. ನಾನು ಒಂದು ಶವಸಂಸ್ಕಾರಕ್ಕೆ ಆರ್ಗನ್ ನುಡಿಸುತ್ತಿದ್ದೆ. ಪಾದ್ರಿ ಪುಸ್ತಕ ಕೊಟ್ಟು ಹೊರಬಂದರು. ನಾನು ಮರಳುವಷ್ಟರಲ್ಲಿ ಶ್ನಾಬೆಲ್ ಹೋಗಿದ್ದ. ೧೮೪೩ರ ಪುಟದಲ್ಲಿ ಒಂದು ಕೆಂಪು ಪೆನ್ಸಿಲ್ ಗೆರೆ ಮಾತ್ರ ಇತ್ತು. ಟ್ರೋಗರ್‌ಳ ಅಜ್ಜ ಯೋಹಾನ್ ಗಾಟ್‌ಲೋಬ್‌ನ ಹೆಸರಿನ ಮುಂದೆ ಹಳೆಯ ಶಾಯಿಯ ಸಣ್ಣಕ್ಷರದಲ್ಲಿ 'ಯೂಡ್' ಎಂದು ಬರೆದು ಚುಕ್ಕೆ ಇಟ್ಟಿತ್ತು. ಯಹೂದಿಯನ್ನು 'ಯೂಡೆ' ಎನ್ನುವ ನಾಡಿನಲ್ಲಿ ಇನ್ನೇನು ಬೇಕು? ಮತ ಬದಲಿಸಿದ ಯಹೂದಿ ಎಂದು ಅವನು ಓದಿಕೊಂಡಿದ್ದ. ಮರುದಿನವೇ ಟ್ರೋಗರ್‌ಳನ್ನು ಕೆಲಸದಿಂದ ನಿಲ್ಲಿಸಿದರು. ಎರಡು ವಾರದಲ್ಲಿ ಬೇರೆ ಪುರಾವೆ ತರದಿದ್ದರೆ ಕೆಲಸ ಹೋಯಿತು, ಮನೆಯೂ ಹೋಯಿತು.

ಊರಿಗೆ ಈಗ ಅವಳ ಮೂಗು ಕಾಣತೊಡಗಿತು. ಇಪ್ಪತ್ತೆಂಟು ವರ್ಷ ಅದು ಅಲ್ಲೇ ಇತ್ತು. ಯಾರೂ ಗಮನಿಸಿರಲಿಲ್ಲ. ಅವಳು ಮಾತಾಡುವಾಗ ಕೈ ಆಡಿಸುವುದನ್ನು ಕಂಡು ತನಗೆ ಮೊದಲೇ ಅನುಮಾನವಿತ್ತೆಂದು ಬೇಕರಿಯವನ ಹೆಂಡತಿ, ಎರಡೂ ಕೈ ಆಡಿಸುತ್ತ, ಎಲ್ಲರಿಗೂ ಹೇಳಿದಳು. ಟ್ರೋಗರ್ ನೂಲು ಕೊಳ್ಳಲು ಗುಂಡಿ ಅಂಗಡಿಯ ಸಲ್ಲಿ ಹಿರ್ಶನಲ್ಲಿಗೆ ಹೋದಳಂತೆ. ಊರಿನಲ್ಲಿ ಉಳಿದಿದ್ದ ಒಂದೇ ಯಹೂದಿ ಮನೆ ಅದು. ಅವನ ಮೊಮ್ಮಗಳು ಟ್ರೋಗರ್‌ಳ ತರಗತಿಯಲ್ಲೇ ಇದ್ದಳು, ಒಂದು ಬೆಂಚಿನಲ್ಲಿ ಒಬ್ಬಳೇ. ಮುದುಕ ಎದ್ದು ನಿಂತು, ತಮ್ಮವರು ಹೊರಗಿನವರನ್ನು ಮತಕ್ಕೆ ಸೇರಿಸಿಕೊಳ್ಳಬೇಕಾದರೆ ವರ್ಷಗಟ್ಟಲೆ ಓದಿಸುತ್ತಾರೆ, ಟೀಚರಮ್ಮನನ್ನು ಸರ್ಕಾರ ಒಂದೇ ಮಧ್ಯಾಹ್ನದಲ್ಲಿ ಪಾಸು ಮಾಡಿತಲ್ಲ ಎಂದನಂತೆ. ನೂಲನ್ನು ಮಾತ್ರ ಅಚ್ಚುಕಟ್ಟಾಗಿ ಕಟ್ಟಿಕೊಟ್ಟನಂತೆ.

ಹತ್ತನೆಯ ದಿನ ಅವಳು ನನ್ನ ಬಳಿ ಬಂದಳು. ಮೊದಲೇ ಬರಬಹುದಿತ್ತು. ಪುಸ್ತಕವನ್ನು ಸ್ವತಃ ನೋಡಲು ಹೆದರಿಕೆಯಾಯಿತಂತೆ.

"ಒಂದು ಕೇಳ್ಬೇಕಿತ್ತು ಮೇಷ್ಟ್ರೇ," ಅಂದಳು. "ದಿನಾ ಬೆಳಿಗ್ಗೆ ನನ್ನ ತಲೆ ನಾನೇ ಅಳ್ಕೊಂಡೆ. ಎಪ್ಪತ್ತೈದು. ಮುಂಚೆನೂ ಎಪ್ಪತ್ತೈದೇ ಇತ್ತು. ಬದಲಾಗ್ಬೇಕಿತ್ತಲ್ವಾ?"

ಅಳತೆಗೋಲಿಗೆ ಇನ್ನೂ ಸುತ್ತೋಲೆ ತಲುಪಿಲ್ಲದಿರಬಹುದು ಎಂದೆ. ಅವಳು ನಗಲಿಲ್ಲ. ನಾನು ಪುಸ್ತಕ ತೆರೆದು, ಗೆರೆ ಎಳೆದ ಸಾಲಿನ ಮೇಲಿನದನ್ನೂ ಕೆಳಗಿನದನ್ನೂ ಓದಲು ಹೇಳಿದೆ. ಮೇಲಿನ ಮಗುವಿನ ಮುಂದೆ 'ಲೇಟ್' ಎಂದಿತ್ತು, ಕೆಳಗಿನದರ ಮುಂದೆ 'ಪಾಲ್ಮ್'.

"ಇವರೂ ಬೇರೆ ಬೇರೆ ಜನಾಂಗದವರಾ?" ಅಂತ ಕೇಳಿದೆ.

ಅವಳು ಮೂರೂ ಸಾಲನ್ನು ಮತ್ತೊಮ್ಮೆ ಓದಿದಳು. ಹದಿನಾಲ್ಕು ವರ್ಷದ ಹಿಂದೆ ಪಾದ್ರಿಯ ತರಗತಿಯಲ್ಲಿ ಈಸ್ಟರಿನ ಹಿಂದಿನ ಭಾನುವಾರಗಳ ಹೆಸರನ್ನು ಅವಳಿಗೆ ರಾಗ ಹಾಕಿ ಕಲಿಸಿದವನು ನಾನೇ. ಆಗಲೂ ಅವಳು ಇದೇ ಜಾಗದಲ್ಲಿ ತಡವರಿಸಿ ನಿಲ್ಲುತ್ತಿದ್ದಳು.

"ಓಕುಲಿ, ಲೇಟಾರೆ..." ಎಂದು ಬೆರಳು ಮಡಿಸಿ ಶುರುಮಾಡಿದಳು. ನಿಂತಳು. ಮತ್ತೆ ಮೊದಲಿಂದ ಹೇಳಿದಳು. ಆಮೇಲೆ ಬಹಳ ಮೆಲ್ಲಗೆ, "ಯೂಡಿಕಾ," ಅಂದಳು.

ಆ ಕಾಲದ ಪಾದ್ರಿಗೆ ತಾರೀಖು ಬರೆಯುವ ಅಭ್ಯಾಸವಿರಲಿಲ್ಲ. ಭಾನುವಾರದ ಹೆಸರನ್ನು ಮೊಟಕು ಮಾಡಿ ಬರೆಯುತ್ತಿದ್ದ. ಯೂಡಿಕಾ ಎಂದರೆ ಈಸ್ಟರಿಗೆ ಎರಡು ವಾರ ಮುಂಚಿನ ಭಾನುವಾರ. ಲ್ಯಾಟಿನ್ನಿನಲ್ಲಿ ನ್ಯಾಯ ತೀರಿಸು ಎಂದರ್ಥ.

ಮರುದಿನ, ಹನ್ನೊಂದನೆಯ ದಿನ, ನಾನು ಹೇಳಿಕಳಿಸಿದ್ದಕ್ಕೆ ಶ್ನಾಬೆಲ್ ಬಂದ. ಹಿಂದಿನ ವರ್ಷವಷ್ಟೇ ಅವನು ಚರ್ಚು ಬಿಟ್ಟಿದ್ದನಾದ್ದರಿಂದ ಭಾನುವಾರಗಳಿಗೆ ಹೆಸರಿರುವುದೇ ಅವನಿಗೆ ಪಾದ್ರಿಗಳ ಪಿತೂರಿಯಂತೆ ಕಂಡಿತು. ಹಿಂದಿನ ಐದು ವರ್ಷ, ಮುಂದಿನ ಐದು ವರ್ಷದ ಪುಟ ತೋರಿಸಿದೆ. ಪ್ರತಿ ವಸಂತದಲ್ಲೂ ಒಬ್ಬಿಬ್ಬರು 'ಯೂಡ್' ಇದ್ದರು. ಒಂದು ಕಡೆ ಶ್ನಾಬೆಲ್ ಮನೆತನದವನೇ ಒಬ್ಬನಿದ್ದ. ಆ ಪುಟವನ್ನು ಅವನು ಬೇಗ ತಿರುವಿದ.

"ಹಾಗಾದ್ರೆ ಭಾನುವಾರ," ಅಂದ. "ಭಾನುವಾರ ಅಂತ ಬರೆದು ಕೊಡಿ, ಸೀಲು ಹಾಕಿ."

ಸುದ್ದಿ ಊರೆಲ್ಲ ಹರಡಿ, ಮಧ್ಯಾಹ್ನ ಸಲ್ಲಿ ಹಿರ್ಶ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ಮೇಷ್ಟ್ರೇ, ನಮ್ಮಪ್ಪ ಹುಟ್ಟಿದ್ದು ಗುರುವಾರ. ಏನಾದ್ರೂ ಮಾಡಕ್ಕಾಗತ್ತಾ?"

ನಗಬೇಕೆಂದೇ ಅವನು ಹೇಳಿದ್ದು. ನಾನು ನಕ್ಕೆ. ಅವನೂ ನಕ್ಕ. ಆದರೆ ನನ್ನ ಮುಖವನ್ನು ಅಗತ್ಯಕ್ಕಿಂತ ಒಂದು ಕ್ಷಣ ಹೆಚ್ಚೇ ನೋಡಿದ. ಮೊಮ್ಮಗಳು ಹಾಡಿನಲ್ಲಿ ಹೇಗಿದ್ದಾಳೆಂದು ಕೇಳಿದ. ಕೆಳಸ್ಥಾಯಿಯಲ್ಲಿ ಜೊತೆಗೂಡುವ ಎರಡನೆಯ ದನಿಯಲ್ಲಿ ಅವಳಷ್ಟು ಗಟ್ಟಿ ಯಾರೂ ಇಲ್ಲವೆಂದೆ. ಅಷ್ಟು ಕೇಳಿಕೊಂಡು ಹೊರಟ.

ಟ್ರೋಗರ್ ಸಂಜೆ ಬಂದಳು. ಅವಳೆದುರೇ ಪ್ರಮಾಣಪತ್ರ ಬರೆದೆ. ಹಾಳೆ ಕಿರಿದಾಗಿತ್ತು. ಸಾಲಿನ ಕೊನೆಗೆ ಜಾಗ ಸಾಲದೆ ಪದ ಮುರಿಯಿತು. ಮೇಲೆ 'ಯೂಡ್', ಒಂದು ಅಡ್ಡಗೆರೆ, ಕೆಳಗಿನ ಸಾಲಿನಲ್ಲಿ 'ಇಕಾ'. ಅವಳು ನನ್ನ ಭುಜದ ಮೇಲಿಂದ ಅದನ್ನು ನೋಡಿದಳು.

"ಬೇರೆ ಹಾಳೆ ತಗೊಳ್ಳಿ," ಅಂದಳು.

ತೆಗೆದುಕೊಂಡೆ. ಶಾಯಿ ಆರುವವರೆಗೂ ಅವಳು ಕೂರಲಿಲ್ಲ. ಬಾಗಿಲ ಬಳಿ ತಿರುಗಿ, "ಈ ಹನ್ನೊಂದು ದಿನ ನಾನು ಯಾರಾಗಿದ್ದೆ, ಮೇಷ್ಟ್ರೇ?" ಎಂದು ಕೇಳಿದಳು. ರಜೆಯಲ್ಲಿದ್ದಿರಿ ಎಂದೆ. ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಸೋಮವಾರ ಅವಳು ಕೆಲಸಕ್ಕೆ ಮರಳಿದಳು. ಗೋಡೆಯಾಚೆ ಅಳತೆ ಶುರುವಾಯಿತು. ನಾನು ಹಾರ್ಮೋನಿಯಂ ಮುಚ್ಚಿ ಕುಳಿತೆ. ಎಂಬತ್ತೊಂದು. ಎಪ್ಪತ್ತೊಂಬತ್ತು. ಎಂಬತ್ತಾರು, ಕಟುಕನ ಮಗಳು. ಆಮೇಲೆ, ಮೊದಲ ಬಾರಿಗೆ, ಹಿರ್ಶನ ಮೊಮ್ಮಗಳ ಹೆಸರು ಕರೆದದ್ದು ಕೇಳಿತು. ಹೊತ್ತು ಹಿಡಿಯಿತು.

"ಎಪ್ಪತ್ತೈದು," ಅಂದಳು ಟ್ರೋಗರ್. ಮತ್ತೆ ಅಳೆದಿರಬೇಕು. "ಎಪ್ಪತ್ತೈದು."

ಅರ್ಧ ಗಂಟೆ ಮೊದಲೇ ಮಕ್ಕಳೆಲ್ಲ ಹಾಡಿನ ಪಾಠಕ್ಕೆ ನನ್ನ ಕೋಣೆಗೆ ಬಂದರು. ಟೀಚರ್ ಕಳಿಸಿದರಂತೆ.

ಮುಂದಿನ ವಾರ ಅಳತೆ ಮತ್ತೆ ನಡೆಯಿತು, ಇಲಾಖೆಯ ಆಜ್ಞೆ ಇತ್ತು. ಎಲ್ಲ ಸಂಖ್ಯೆಗಳೂ ಎಂದಿನಂತೆ ಗೋಡೆ ದಾಟಿ ಬಂದವು. ಒಂದು ಮಾತ್ರ ಕೇಳಿಸಲಿಲ್ಲ. ಅದನ್ನು ಅವಳು ಮೆಲ್ಲಗೆ ಹೇಳಿಕೊಂಡಿರಬೇಕು.